ನದಿಯಾಚೆಯ ನೆರೆಯವರು

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಸಂಜೆ ನಮ್ಮ ಹಿರಿಯರ ಗುಣಗಾನವನ್ನು ನೀವು ನಿರೀಕ್ಷಿಸಿರಬಹುದು. ಅದನ್ನು ಇತರರು ನನಗಿಂತಲೂ ಸೊಗಸಾಗಿ ಮಾಡಿದ್ದಾರೆ. ನಾನು ನಮ್ಮ ನೆರೆಯವರ ಕುರಿತು ಎರಡು ಮಾತನಾಡಬಯಸುತ್ತೇನೆ.

ಬಳ್ಳಾರಿಯಿಂದ ಸಿರುಗುಪ್ಪದ ಮಾರ್ಗವಾಗಿ ತುಂಗಭದ್ರೆಯನ್ನು ದಾಟಿದರೆ ಸಿಂಧನೂರು ತಾಲ್ಲೂಕು. ಅಲ್ಲಿ 'ಆರ್.ಎಚ್. ಕ್ಯಾಂಪು'ಗಳೆಂದು ಹೆಸರಾದ ವಸತಿಗಳಿವೆ. ಪೂರ್ವ ಪಾಕಿಸ್ತಾನದಲ್ಲಿ ಸರ್ವಸ್ವವನ್ನೂ ತೊರೆದು ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವು 1970ರ ಆಸುಪಾಸಿನಲ್ಲಿ ಭೂಮಿಯನ್ನಿತ್ತು ನೆಲೆಗೊಳಿಸಿದ ಸ್ಥಳಗಳಿವು. ನೀರು, ಮೀನು, ಹಸಿರನ್ನೇ ಕಂಡು ಬೆಳೆದವರು ನಮ್ಮ ಎರೆಭೂಮಿಯ ಬಿಸಿಲಿಗೆ ಬಂದರು, ಬಾಳಿದರು. ಅವರ ಭತ್ತವೂ ಸಿರುಗುಪ್ಪದ ಭತ್ತವೂ ಒಂದೇ ನದಿಯ ನೀರನ್ನು ಕುಡಿಯುತ್ತವೆ.

ಆದರೆ ಭೂಮಿ ದೊರೆತ ಕಡೆ ಪೌರತ್ವದ ಕಾಗದ ಎಲ್ಲರಿಗೂ ದೊರೆಯಲಿಲ್ಲ. ದಶಕಗಳ ಕಾಲ ಕಾದ ಕೆಲವರಿಗೆ 2019ರ ಪೌರತ್ವ ತಿದ್ದುಪಡಿ ಕಾಯಿದೆಯ ಮೇರೆಗೆ 2024ರಲ್ಲಿ ಅದು ಕೈಸೇರಿತು. ನನಗೆ ಸಂತೋಷವೇ ಆಯಿತು.

ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಅಂತ್ಯದೊಳಗೆ ಬಂದ ಕ್ರೈಸ್ತರ ಹೆಸರೂ ಆ ಕಾಯಿದೆಯಲ್ಲಿದೆ. "ನಮ್ಮವರ ಹೆಸರಿದೆಯಲ್ಲ, ಸ್ವಾಮಿ" ಎಂದು ನಮ್ಮಲ್ಲಿಯೇ ಕೆಲವರು ಸಮಾಧಾನಪಟ್ಟುದುಂಟು. ಆ ಸಮಾಧಾನ ನನಗೆ ಒಗ್ಗದು. ಶ್ರೀಲಂಕೆಯಿಂದ ಬಂದ ತಮಿಳರ ಹೆಸರು ಅಲ್ಲಿಲ್ಲ. ಅವರಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಟಿಬೆಟಿಯನ್ನರ ಹೆಸರಿಲ್ಲ. ರೋಹಿಂಗ್ಯಾ ಮುಸಲ್ಮಾನರದಂತೂ ಇಲ್ಲವೇ ಇಲ್ಲ. ಹೆರೋದನ ಖಡ್ಗಕ್ಕೆ ಅಂಜಿ ರಾತ್ರೋರಾತ್ರಿ ಮಗುವಿನೊಡನೆ ಈಜಿಪ್ಟಿಗೆ ಹೊರಟ ಸಂತ ಜೋಸೆಫರನ್ನು ಗಡಿಯ ಕಾವಲುಗಾರನು ಯಾವ ಪಟ್ಟಿಯಲ್ಲಿ ಹುಡುಕಬೇಕಾಗಿತ್ತು?

"ಕುರುಗೋಡಿನ ಕೂಲಿಕಾರರೇ ಬೆಂಗಳೂರಿಗೆ ಗುಳೆ ಹೋಗುವಾಗ ಪರರಿಗೆ ಎಲ್ಲಿಯ ಅನ್ನ?" ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹಸಿದವನ ಪ್ರಶ್ನೆಯದು. ಆದರೆ 1960ರಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಸುಮಾರು 3000 ಎಕರೆ ನೀಡಿದಾಗ ಮೈಸೂರು ರಾಜ್ಯವೇನೂ ಸಿರಿವಂತವಾಗಿರಲಿಲ್ಲ. ಬಂದವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು. 1966ರಲ್ಲಿ ಮುಂಡಗೋಡಿನಲ್ಲಿಯೂ ಸ್ಥಳವಾಯಿತು. ಚಳಿಗಾಲದಲ್ಲಿ ಅವರು ಮಾರುವ ಉಣ್ಣೆಯಂಗಿಯನ್ನು ನಿಮ್ಮಲ್ಲಿ ಎಷ್ಟು ಮಂದಿ ತೊಟ್ಟಿಲ್ಲ?

ನಿರಾಶ್ರಿತರನ್ನು ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಮಾಡಿಲ್ಲ. ನಮ್ಮದೇ ಆದ ನಿರಾಶ್ರಿತರ ಕಾಯಿದೆಯೂ ಇಲ್ಲ. ಆದ್ದರಿಂದ ಒಬ್ಬರಿಗೆ ಹೊಲ, ಇನ್ನೊಬ್ಬರಿಗೆ ಶಿಬಿರ, ಮತ್ತೊಬ್ಬರಿಗೆ ಸೆರೆಮನೆ. ಬಂದವನ ಮತವನ್ನಲ್ಲ, ಅವನ ಪ್ರಾಣಭಯವನ್ನು ವಿಚಾರಿಸುವ, ವಿಚಾರಣೆಗೆ ಅವಧಿಯನ್ನು ಗೊತ್ತುಮಾಡುವ, ಇಲ್ಲಿಯೇ ಬೇರೂರಿದವನಿಗೆ ಪೌರತ್ವದ ದಾರಿಯನ್ನು ತೆರೆಯುವ ಕಾಯಿದೆ ನಮಗೆ ಬೇಕು.

ಈ ಬಗ್ಗೆ ನಮ್ಮ ಲೋಕಸಭಾ ಸದಸ್ಯರಿಗೊಂದು ಮನವಿಯನ್ನು ಸಿದ್ಧಪಡಿಸಿ ದೇವಾಲಯದ ದ್ವಾರದ ಬಳಿ ಮೇಜಿನ ಮೇಲಿಡಲಾಗಿದೆ. ಕನ್ನಡದಲ್ಲಿದೆ, ಒಂದೇ ಪುಟ. ದಯವಿಟ್ಟು ಓದಿದ ಬಳಿಕವೇ ಸಹಿ ಮಾಡಿರಿ. ಒಪ್ಪದವರು ನಾಳೆ ಬಲಿಪೂಜೆಯ ನಂತರ ನನ್ನೊಡನೆ ವಾದಿಸಲು ಬರಬಹುದು.