ಟರ್ಬೊ ಕಾರಿಗೆ ತಕ್ಕ ಇಂಟರ್‌ಕೂಲರ್



ಚೆನ್ನೈನ ಉತ್ತರದ ಅಂಚಿನಲ್ಲಿರುವ ತಿರುವೊಟ್ಟಿಯೂರು ತ್ಯಾಗರಾಜಸ್ವಾಮಿ ದೇವಾಲಯದ ಊರು. ಎಂಜಿನ್ನುಗಳ ಊರೂ ಹೌದು. 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ ಬೈಕು ದಶಕಗಳ ಕಾಲ ತಯಾರಾದದ್ದು ಇಲ್ಲೇ. ಪಕ್ಕದ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇದೆ. ಬುಲೆಟ್ಟಿನ ಸಿಲಿಂಡರಿನ ಸುತ್ತ ಲೋಹದ ರೆಕ್ಕೆಗಳಿರುವುದನ್ನು ನೋಡಿದ್ದೀರಿ. ಎದುರುಗಾಳಿ ಅವುಗಳ ನಡುವೆ ಹಾದು ಎಂಜಿನ್ನನ್ನು ತಣಿಸುತ್ತದೆ. ಟರ್ಬೊ ಕಾರಿನ ಇಂಟರ್‌ಕೂಲರ್ ಕೂಡ ಅದೇ ಎದುರುಗಾಳಿಯನ್ನೇ ನಂಬಿದೆ. ಅದು ತಣಿಸುವುದು ಮಾತ್ರ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯನ್ನು.

ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತಳ ಬಿಸಿಯಾಗುತ್ತದಲ್ಲ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊದಲ್ಲಿ ನಡೆಯುವುದೂ ಅದೇ. ಹೊರಗೆ 35 ಡಿಗ್ರಿ ಬಿಸಿಲು, ಟರ್ಬೊ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುತ್ತಿದೆ, ಅದರ ದಕ್ಷತೆ ಶೇಕಡಾ 70 ಎಂದುಕೊಳ್ಳಿ. ಹೊರಬರುವ ಗಾಳಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಿಸಿ ಗಾಳಿ ವಿರಳ. ಅದರಲ್ಲಿ ಆಮ್ಲಜನಕ ಕಡಿಮೆ. ಪೆಟ್ರೋಲ್ ಎಂಜಿನ್ನಿನಲ್ಲಾದರೆ ನಾಕಿಂಗ್, ಅಂದರೆ ಇಂಧನ ತಾನಾಗಿ ಸಿಡಿಯುವುದು, ಶುರುವಾಗಿ ಪಿಸ್ಟನ್ನಿಗೇ ಕುತ್ತು ಬರಬಹುದು. ಏರಿದ ಬಿಸಿಯಲ್ಲಿ ಶೇಕಡಾ 70ರಷ್ಟನ್ನು ಇಂಟರ್‌ಕೂಲರ್ ಕಳೆದರೆ ಗಾಳಿ ಸುಮಾರು 65 ಡಿಗ್ರಿಗೆ ಇಳಿಯುತ್ತದೆ, ಸಾಂದ್ರತೆ ಐದನೇ ಒಂದು ಭಾಗ ಹೆಚ್ಚುತ್ತದೆ. 300 ಅಶ್ವಶಕ್ತಿಯ ಎಂಜಿನ್ ನಿಮಿಷಕ್ಕೆ ಹದಿಮೂರು ಹದಿನಾಲ್ಕು ಕಿಲೊ ಗಾಳಿ ನುಂಗುತ್ತದೆ. ಅಷ್ಟು ಗಾಳಿಯಿಂದ 15 ಕಿಲೊವ್ಯಾಟ್‌ನಷ್ಟು ಶಾಖವನ್ನು ಹೊರಗೆ ಹಾಕಬೇಕು.

ಹಾಗಾದರೆ ಇದ್ದುದರಲ್ಲಿ ದೊಡ್ಡದನ್ನೇ ತಂದು ಕೂರಿಸಿದರಾಯಿತೇ? ಆಗದು. ಗಾಳಿ ಒಳಗಿನ ಕಿರುದಾರಿಗಳಲ್ಲಿ ತಿಣುಕಿ ಸಾಗುವಾಗ ಒತ್ತಡ ಕಳೆದುಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲೇ 0.1 ಬಾರ್ ನಷ್ಟವಾದರೆ ಶೇಕಡಾ 20ರ ಲಾಭ 14ಕ್ಕೆ ಇಳಿಯುತ್ತದೆ. ಅದನ್ನು ತುಂಬಿಸಲು ಟರ್ಬೊ ಇನ್ನಷ್ಟು ದುಡಿಯಬೇಕು, ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ಇಂಟರ್‌ಕೂಲರಿನ ಕೋರ್, ಅಂದರೆ ದಾರಿಗಳೂ ರೆಕ್ಕೆಗಳೂ ಇರುವ ಒಡಲು, ದಪ್ಪವಾದಷ್ಟೂ ಹಿಂಬದಿಯ ರೆಕ್ಕೆಗಳಿಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ಅದಕ್ಕೇ ದಪ್ಪಕ್ಕಿಂತ ಎದುರುಗಾಳಿಗೆ ಒಡ್ಡಿದ ಅಗಲ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ರಸ್ತೆ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಸಾಲಿನ ಹಿಂದೆ, ಮೇ ತಿಂಗಳ ಬಿಸಿಲಲ್ಲಿ, ಎಣ್ಣೂರು ರಸ್ತೆಯಲ್ಲಿ ಸಿಕ್ಕಿಕೊಂಡ ಕಾರನ್ನು ನೆನೆಯಿರಿ. ಎದುರುಗಾಳಿಯೇ ಇಲ್ಲ. ಇಂಟರ್‌ಕೂಲರ್ ಎಂಜಿನ್ನಿನ ಮೇಲೆ ಕೂತಿದ್ದರೆ ಕೆಳಗಿನ ಶಾಖವನ್ನೆಲ್ಲ ಹೀರಿಕೊಂಡಿರುತ್ತದೆ. ದಾರಿ ತೆರೆದು ನೀವು ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಅದು ಗಾಳಿಯನ್ನು ತಣಿಸುವ ಸ್ಥಿತಿಯಲ್ಲೇ ಇರುವುದಿಲ್ಲ. ಇಂಥ ಊರಿಗೆ ಬಂಪರಿನ ಹಿಂದೆ, ಮುಂಭಾಗದಲ್ಲಿ ಕೂರುವ ಇಂಟರ್‌ಕೂಲರ್ ಲೇಸು. ಆದರೆ ಅದು ರೇಡಿಯೇಟರಿಗೂ ಏಸಿಯ ಕಂಡೆನ್ಸರಿಗೂ ಅಡ್ಡ ನಿಲ್ಲುತ್ತದೆ, ಫ್ಯಾನ್ ಬಲವಾಗಿರಬೇಕು.

ಕೋರ್‌ಗಳಲ್ಲಿ ಎರಡು ಬಗೆ. ಬಾರ್ ಅಂಡ್ ಪ್ಲೇಟ್ ತೂಕದ್ದು, ಗಟ್ಟಿಮುಟ್ಟು. ಒಂದೆರಡು ಜೋರು ಓಟದ ಶಾಖವನ್ನು ತಾನೇ ಹೀರಿ ತಡೆದುಕೊಳ್ಳುತ್ತದೆ, ಬಿಸಿಯಾದರೆ ಆರಲು ಹೊತ್ತು ಬೇಕು. ಟ್ಯೂಬ್ ಅಂಡ್ ಫಿನ್ ಹಗುರ, ಬೇಗ ತಣಿಯುತ್ತದೆ, ಹಿಂದಿನ ರೇಡಿಯೇಟರಿಗೂ ಗಾಳಿ ಬಿಡುತ್ತದೆ. ಸಣ್ಣ ಕಲ್ಲು ಬಡಿದರೂ ಜಜ್ಜಿಹೋಗುವುದು ಅದರ ದೌರ್ಬಲ್ಯ. ನಿತ್ಯ ಓಡಾಡುವ ಕಾರಿಗೆ ಎರಡನೆಯದು, ರೇಸ್ ಟ್ರ್ಯಾಕಿಗೂ ಹೋಗುವ ಕಾರಿಗೆ ಮೊದಲನೆಯದು ಎಂಬುದು ನನ್ನ ಸಲಹೆ. ನೀರಿನಿಂದ ತಣಿಸುವ ಇಂಟರ್‌ಕೂಲರೂ ಉಂಟು. ಅದು ಇಕ್ಕಟ್ಟಿನಲ್ಲಿ ಕೂರುತ್ತದೆ, ಆದರೆ ಪಂಪು, ಪ್ರತ್ಯೇಕ ರೇಡಿಯೇಟರ್ ಎಂದು ಕೆಡಬಹುದಾದ ಭಾಗಗಳು ಹೆಚ್ಚು.

ಕಡಲ ಊರಿನವರು ಇನ್ನೊಂದನ್ನು ಮರೆಯಬಾರದು. ಉಪ್ಪುಗಾಳಿ ಅಲ್ಯೂಮಿನಿಯಂ ರೆಕ್ಕೆಗಳನ್ನು ಮೆಲ್ಲಗೆ ತಿನ್ನುತ್ತದೆ, ಲಾರಿಗಳ ಧೂಳು ಅವುಗಳ ಸಂದು ಮುಚ್ಚುತ್ತದೆ. ಆಗಾಗ ಸಿಹಿನೀರಿನಲ್ಲಿ, ಕಡಿಮೆ ಒತ್ತಡದಲ್ಲಿ ತೊಳೆಯಿರಿ. ಪೈಪಿನೊಳಗೆ ಎಣ್ಣೆಯ ಜಿಡ್ಡು ಕಟ್ಟಿದೆಯೇ ನೋಡಿಸಿ. ಆ ಪದರ ಶಾಖವನ್ನು ಹೊರಹೋಗಲು ಬಿಡದು.

ಆದ್ದರಿಂದ ಅಂಗಡಿಯಲ್ಲಿ ಎಷ್ಟು ಅಶ್ವಶಕ್ತಿ ಹೆಚ್ಚುತ್ತದೆ ಎಂದಷ್ಟೇ ಕೇಳಬೇಡಿ. ನನ್ನ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಹರಿದಾಗ ಒತ್ತಡ ಎಷ್ಟು ಇಳಿಯುತ್ತದೆ, ಉಷ್ಣತೆ ಎಷ್ಟು ಇಳಿಯುತ್ತದೆ ಎಂದು ಕೇಳಿ. ಕೂರಿಸಿದ ಮೇಲೆ ಒಳಬಾಯಿ, ಹೊರಬಾಯಿ ಎರಡರಲ್ಲೂ ಅಳೆಸಿ; ಅದೂ ಮುಂಜಾನೆಯ ಖಾಲಿ ರಸ್ತೆಯಲ್ಲಲ್ಲ, ಮಧ್ಯಾಹ್ನದ ದಟ್ಟಣೆ ದಾಟಿದ ಕೂಡಲೇ. ಆ ಹೊತ್ತಿನಲ್ಲಿ ಎಂಜಿನ್ನನ್ನು ಕಾಯುವ ಇಂಟರ್‌ಕೂಲರ್ ಉಳಿದ ಎಲ್ಲ ಹೊತ್ತಿನಲ್ಲೂ ಕಾಯುತ್ತದೆ.