ಮದ್ದಳೆಯ ಮುಂದೆ ಕೂತ ವಿದ್ಯಾರ್ಥಿನಿ

ಕುಂದಾಪುರದ ಬಳಿಯ ಬೀಜಾಡಿ, ಗೋಪಾಡಿ, ಕೋಟೇಶ್ವರದ ಕಡೆಯ ಮಕ್ಕಳಿಗೆ ಯಕ್ಷಗಾನ ಪಾಠವಾಗುವುದಕ್ಕೆ ಮೊದಲೇ ಪರಿಚಯವಾಗಿರುತ್ತದೆ. ಮೇಳ ಬಂದ ರಾತ್ರಿ ಗದ್ದೆಬಯಲಲ್ಲಿ ಚಾಪೆ ಹಾಸಿ, ಅರೆನಿದ್ದೆಯಲ್ಲಿ ಚಂಡೆ ಕೇಳಿ ಬೆಳೆದವರಿಗೆ ತಾಳ ಯಾವಾಗ ಮೈಗೆ ಹತ್ತಿತೆಂದೇ ತಿಳಿಯದು. ದೂರದೇಶದಿಂದ ಬಂದ ವಿದ್ಯಾರ್ಥಿನಿಗೆ ಈ ಅನುಕೂಲವಿಲ್ಲ. ಆಕೆ ಮೊದಲ ಹೆಜ್ಜೆಯಿಂದಲೇ ಎಲ್ಲವನ್ನೂ ಕೇಳಿ ಕಲಿಯಬೇಕು.

ಅಮೆರಿಕದ ಮಾರ್ತಾ ಆಷ್ಟನ್ ಹೀಗೆ ಕೇಳುತ್ತಲೇ ಕಲಿತವರು. ಅರ್ಧ ಶತಮಾನದ ಹಿಂದೆ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಸಂಶೋಧನೆಗೆಂದು ಕರಾವಳಿಗೆ ಬಂದ ಅವರಿಗೆ ಗುರುವಾದವರು ಏರು ಮದ್ದಳೆಗೆ ಹೆಸರಾದ ಹಿರಿಯಡ್ಕ ಗೋಪಾಲರಾಯರು. ಆಗ ಮೇಳಗಳಲ್ಲಿ ಸ್ತ್ರೀವೇಷವೂ ಗಂಡಸರದೇ. ಹೆಣ್ಣುಮಗಳೊಬ್ಬಳು ಮೇಳ ಸೇರಿ, ತಿರುಗಾಟದಲ್ಲೇ ಕಲಿಯುವ ದಾರಿ ಇರಲಿಲ್ಲ; ಗುರುವಿನ ಎದುರು ಕೂತೇ ಕಲಿಯಬೇಕಿತ್ತು. ಅಂಥ ಕಲಿಕೆಯಲ್ಲಿ ಕೆಲಸ ಗುರುವಿಗೂ ಹೆಚ್ಚು. ಏಕ, ಅಷ್ಟ, ಝಂಪೆ, ತ್ರಿವುಡೆ ತಾಳಗಳನ್ನು ಬಾರಿಸಿ ತೋರಿಸಿದರೆ ಸಾಲದು, ಬಿಡಿಸಿ ಹೇಳಬೇಕು. ಆಷ್ಟನ್ ಅವರು ಬ್ರೂಸ್ ಕ್ರಿಸ್ಟಿ ಜತೆ ಬರೆದ ಯಕ್ಷಗಾನದ ಇಂಗ್ಲಿಷ್ ಗ್ರಂಥ 1977ರಲ್ಲಿ ಹೊರಬಂತು. ಗೋಪಾಲರಾಯರು ನೂರು ವರ್ಷ ದಾಟಿ ಬಾಳಿ, 2020ರಲ್ಲಿ ತೀರಿಕೊಂಡರು.

1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಕು.ಶಿ. ಹರಿದಾಸ ಭಟ್ಟರ ಮುತುವರ್ಜಿ, ಕೋಟ ಶಿವರಾಮ ಕಾರಂತರ ಮಾರ್ಗದರ್ಶನ ಅದಕ್ಕಿತ್ತು. ಮುಂದೆ ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ಗುರುಗಳಾದರು. ಊರಿನ ಹುಡುಗರ ಜತೆ ಹೊರದೇಶದವರೂ ಹೆಜ್ಜೆ ಹಾಕಿದರು. ಜರ್ಮನಿಯ ಕ್ಯಾಥ್ರಿನ್ ಬೈಂಡರ್ ಕನ್ನಡವನ್ನೂ ಕಲಿತು, ವೇಷ ಕಟ್ಟಿ, ಯಕ್ಷಗಾನದ ಮೇಲೆ ಸಂಶೋಧನೆ ನಡೆಸಿದರು.

ಕುಣಿತದಷ್ಟೇ ದೊಡ್ಡ ಪಾಠ ವೇಷ ಕಟ್ಟುವ ಚೌಕಿಯಲ್ಲಿದೆ. ಬಡಗಿನ ಮುಂಡಾಸು ಸಿದ್ಧ ಟೊಪ್ಪಿಯಲ್ಲ. ಅದನ್ನು ಪ್ರತಿ ಆಟಕ್ಕೂ ತಲೆಯ ಮೇಲೆಯೇ ಬಟ್ಟೆ ಸುತ್ತಿ ಕಟ್ಟಬೇಕು. ಸಡಿಲವಾದರೆ ಕುಣಿಯುವಾಗ ಜಾರುತ್ತದೆ, ಬಿಗಿಯಾದರೆ ಹಣೆ ಸಿಡಿಯುತ್ತದೆ. ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ ಎದೆಕಟ್ಟು, ಭುಜಕೀರ್ತಿ, ಚೌಕುಳಿ ಸೀರೆಯ ಕಚ್ಚೆ, ಮುಖದ ಬಣ್ಣ ಹೀಗೆ ಒಂದೊಂದಕ್ಕೂ ಬೇರೆ ಕೈಕಸುಬು.

ಬೀಜಾಡಿಯಿಂದ ಉತ್ತರಕ್ಕೆ, ಕುಂದಾಪುರ ದಾಟಿದರೆ ಉಪ್ಪಿನಕುದ್ರು ಸಿಗುತ್ತದೆ. ಅಲ್ಲಿನ ಕಾಮತ್ ಮನೆತನದವರು ಇದೇ ಬಡಗುತಿಟ್ಟಿನ ವೇಷವನ್ನು ಮರದ ಗೊಂಬೆಗೆ ತೊಡಿಸಿ, ಸೂತ್ರದಲ್ಲಿ ಕುಣಿಸುತ್ತ ಬಂದಿದ್ದಾರೆ. ಕೊಗ್ಗ ಕಾಮತರ ಬಳಿಕ ಭಾಸ್ಕರ ಕೊಗ್ಗ ಕಾಮತರು ಈ ಕಲೆಯನ್ನು ಹೊರದೇಶಗಳಿಗೂ ಒಯ್ದರು. ಭಾಷೆ ಬಾರದ ವಿದ್ಯಾರ್ಥಿಗೂ ಇಲ್ಲಿ ಪಾಠ ಬೇಗ ತೊಡಗಬಹುದು: ಗೊಂಬೆಯ ಪಾದ ನೆಲ ಮುಟ್ಟುವ ಕ್ಷಣ, ಮದ್ದಳೆಯ ಪೆಟ್ಟು ಬೀಳುವ ಕ್ಷಣ ಒಂದೇ ಆಗಬೇಕು. ತಪ್ಪಿದರೆ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ.

ವಿದೇಶಿ ವಿದ್ಯಾರ್ಥಿಗಳನ್ನು ಇವತ್ತು ಆಟಕ್ಕೆ ಕರೆದೊಯ್ಯುವವರು ರಂಗದ ಮುಂದಿನ ಕುರ್ಚಿಗಿಂತ ಮೊದಲು, ಮುಂಡಾಸು ಕಟ್ಟುವ ಹೊತ್ತಿಗೆ, ಭಾಗವತರ ಒಪ್ಪಿಗೆ ಪಡೆದು ಚೌಕಿಯಲ್ಲಿ ಒಂದಿಷ್ಟು ಜಾಗ ಕೊಡಿಸಬಹುದು.