ಗುಳೆ ಹೋದವರ ಹೆಸರು ಮತ್ತು ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿ

(ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಚುನಾವಣೆಯಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2025ರ ಕೊನೆಯ ವೇಳೆಗೆ ಮುಗಿಯುವ ಹಂತಕ್ಕೆ ಬಂದಿತ್ತು. ಮತದಾರರ ಪಟ್ಟಿಯ ಬಗೆಗಿನ ದೂರುಗಳು ಪಂಚಾಯಿತಿ ಕಚೇರಿಯ ಬಾಗಿಲಿಗೆ ಬರತೊಡಗುವ ಕಾಲವದು. ಅವುಗಳಲ್ಲಿ ಹೆಚ್ಚಿನವು ಎರಡೇ ಬಗೆಯವು: ತಮ್ಮ ಹೆಸರು ಏಕಿಲ್ಲ ಎಂಬುದು ಒಂದು, ಊರಿನಲ್ಲಿ ಇಲ್ಲದವರ ಹೆಸರು ಏಕಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವವರು ಒಬ್ಬೊಬ್ಬರಾಗಿ ಬಂದು ದನಿ ತಗ್ಗಿಸಿ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಸಾಮಾನ್ಯವಾಗಿ ಗುಂಪಾಗಿ ಬರುತ್ತಾರೆ. ಈ ಎರಡನೆಯ ಪ್ರಶ್ನೆಯನ್ನು ಇಲ್ಲಿ ಹೆಚ್ಚು ವಿವರವಾಗಿ ಪರಿಶೀಲಿಸಲಾಗಿದೆ.

ಮೊದಲಿಗೆ, ಈ ಪಟ್ಟಿ ಯಾರದು ಎಂಬುದು ಸ್ಪಷ್ಟವಾಗಬೇಕು. ಸಂವಿಧಾನದ 243ಕೆ ಅನುಚ್ಛೇದವು ಪಂಚಾಯಿತಿ ಚುನಾವಣೆಗಳ ಮತದಾರರ ಪಟ್ಟಿ ಸಿದ್ಧಪಡಿಸುವ ಹಾಗೂ ಚುನಾವಣೆ ನಡೆಸುವ ಕಾರ್ಯದ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ಆದರೆ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಮತದಾರರನ್ನು ಹೊಸದಾಗಿ ಎಣಿಸುವ ವ್ಯವಸ್ಥೆಯನ್ನು ಮಾಡಲಿಲ್ಲ. ಜಾರಿಯಲ್ಲಿರುವ ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಆಯಾ ಪಂಚಾಯಿತಿ ಕ್ಷೇತ್ರಕ್ಕೆ ಸೇರಿದ ಭಾಗವನ್ನೇ ಪಂಚಾಯಿತಿಯ ಪಟ್ಟಿಯೆಂದು ಸ್ವೀಕರಿಸಿತು. ಈ ಏರ್ಪಾಟನ್ನು ಬದಲಿಸಿ, ರಾಜ್ಯ ಚುನಾವಣಾ ಆಯೋಗವೇ ಪಟ್ಟಿ ಸಿದ್ಧಪಡಿಸಲು ಅನುವಾಗುವಂತೆ ಕಾನೂನು ತಿದ್ದಬೇಕೆಂದು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿದೆ. ಬದಲಾವಣೆ ಯಾವ ರೂಪದಲ್ಲಿ ಬಂದರೂ ಯಾರನ್ನು ಊರಿನವರೆಂದು ಎಣಿಸಬೇಕು ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ವ್ಯವಸ್ಥೆಯ ಪರಿಣಾಮವೊಂದನ್ನು ಅನೇಕ ಸದಸ್ಯರು ತಡವಾಗಿ ಅರಿಯುತ್ತಾರೆ. ಪಂಚಾಯಿತಿ ಚುನಾವಣೆಯ ಅಧಿಸೂಚನೆ ಹೊರಬೀಳುವ ವೇಳೆಗೆ ಪಟ್ಟಿಯ ಕೆಲಸ ಬಹುಪಾಲು ಮುಗಿದಿರುತ್ತದೆ. ಹೊಸ ಅರ್ಜಿಗಳ ವಿವರವನ್ನು ಪ್ರಕಟಿಸಿ ಆಕ್ಷೇಪಣೆಗೆ 7 ದಿನಗಳ ಕಾಲಾವಕಾಶ ನೀಡಬೇಕು, ಬಳಿಕ ಮತಗಟ್ಟೆ ಮಟ್ಟದ ಅಧಿಕಾರಿಯ ವರದಿ ಬರಬೇಕು, ಅನಂತರವಷ್ಟೇ ಆದೇಶ. ನಾಮಪತ್ರಗಳ ಗಡಿಬಿಡಿಯಲ್ಲಿ ಈ ದಿನಗಳು ದೊರೆಯುವುದಿಲ್ಲ. ಹಿಂದೆ ವರ್ಷಕ್ಕೆ ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. 2021ರ ತಿದ್ದುಪಡಿಯ ಬಳಿಕ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ಅರ್ಹತಾ ದಿನಗಳಾಗಿವೆ. 17 ವರ್ಷ ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಪದವಿಪೂರ್ವ ಕಾಲೇಜಿರುವ ಊರಿನಲ್ಲಿ ಈ ಸಂಗತಿಯನ್ನು ತಿಳಿಸಲು ಒಂದು ಬೆಳಗಿನ ಹೊತ್ತು ಸಾಕು.

ಇನ್ನು ಗುಳೆಯ ವಿಚಾರ. ಕಲ್ಯಾಣ ಕರ್ನಾಟಕದ ಅನೇಕ ಊರುಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮುಂಬೈ, ಪುಣೆ, ಗೋವಾ ಕಡೆಗೋ ಹೊರಡುತ್ತದೆ. ಮನೆಗೆ ಬೀಗ ಬೀಳುತ್ತದೆ, ಇಲ್ಲವೇ ವೃದ್ಧ ತಂದೆತಾಯಿ ಮಾತ್ರ ಉಳಿಯುತ್ತಾರೆ. ಪರಿಷ್ಕರಣೆಗೆಂದು ಬಂದ ಸಿಬ್ಬಂದಿ ಬೀಗ ಕಂಡು ನೆರೆಯವರನ್ನು ವಿಚಾರಿಸಿದಾಗ ‘ಅವರು ಊರಲ್ಲಿಲ್ಲ’ ಎಂಬ ಉತ್ತರ ಬರುತ್ತದೆ. ಉತ್ತರ ಸತ್ಯವೇ. ಆದರೆ ಆ ಮಾತು ಕಾಗದದ ಮೇಲೆ ‘ವಾಸಸ್ಥಳ ಬದಲಾಯಿಸಿದ್ದಾರೆ’ ಎಂದು ಮಾರ್ಪಟ್ಟರೆ ಒಂದು ಕುಟುಂಬದ ಮತದ ಹಕ್ಕೇ ಅಳಿಸಿಹೋಗಬಹುದು.

ಕಾನೂನು ಈ ಎರಡು ಮಾತುಗಳ ನಡುವಿನ ಅಂತರವನ್ನು ಸ್ಪಷ್ಟವಾಗಿ ಗುರುತಿಸಿದೆ. 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 19ನೇ ಪ್ರಕರಣದಂತೆ ಮತದಾರನು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು. ಸಾಮಾನ್ಯ ನಿವಾಸಿ ಎಂದರೆ ಯಾರು ಎಂಬುದನ್ನು 20ನೇ ಪ್ರಕರಣ ಹೇಳುತ್ತದೆ. ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ಯಾರೂ ಅಲ್ಲಿಯ ಸಾಮಾನ್ಯ ನಿವಾಸಿಯಲ್ಲದವರಾಗುವುದಿಲ್ಲ. ಅಂತೆಯೇ, ಊರಿನಲ್ಲಿ ಮನೆಯೊಂದಿದೆ ಎಂಬ ಒಂದೇ ಕಾರಣದಿಂದ ಯಾರೂ ಅಲ್ಲಿಯ ನಿವಾಸಿಯಾಗುವುದೂ ಇಲ್ಲ.

ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಬೇಕು. ಆರು ತಿಂಗಳು ಇಟ್ಟಿಗೆ ಹೊತ್ತು ಮುಂಗಾರಿಗೆ ಮರಳಿ ಬಂದು ಬಿತ್ತನೆ ಮಾಡುವ ಕೂಲಿಯವನ ಮನೆ ಬೀಗ ಹಾಕಿದ್ದರೂ ಅವನು ಊರಿನವನೇ. ಹದಿನೈದು ವರ್ಷಗಳಿಂದ ನಗರದಲ್ಲಿ ನೆಲೆಸಿ, ಮಕ್ಕಳನ್ನು ಅಲ್ಲಿಯೇ ಓದಿಸುತ್ತ, ಜಾತ್ರೆಗೆ ಮಾತ್ರ ಕಾರಿನಲ್ಲಿ ಬಂದು ಹೋಗುವವರ ಮನೆ ಸುಣ್ಣಬಣ್ಣದಿಂದ ಹೊಳೆಯುತ್ತಿದ್ದರೂ ಅವರ ಹೆಸರು ನಗರದ ಪಟ್ಟಿಯಲ್ಲಿರಬೇಕಾದದ್ದು. ಒಬ್ಬ ವ್ಯಕ್ತಿಯ ಹೆಸರು ಎರಡು ಕ್ಷೇತ್ರಗಳಲ್ಲಿ ಇರಕೂಡದೆಂದು 17ನೇ ಪ್ರಕರಣ ವಿಧಿಸಿದೆ. ಊರಿನಲ್ಲಿ ನಡೆಯುವುದು ಅನೇಕ ಬಾರಿ ಇದರ ವಿಲೋಮ. ಕೂಲಿಯವನ ಹೆಸರಿಗೆ ಆಕ್ಷೇಪ ಬರುತ್ತದೆ. ಕಾರಿನಲ್ಲಿ ಬರುವವರ ಹೆಸರನ್ನು ಯಾರೂ ಎತ್ತುವುದಿಲ್ಲ. ಎರಡರ ನಡುವೆ ಅನುಮಾನ ಹುಟ್ಟಿದಾಗ ನಿರ್ಣಯ ಮಾಡುವವರು ಮತದಾರರ ನೋಂದಣಾಧಿಕಾರಿಗಳು. ಅದೂ ಪ್ರತಿಯೊಂದು ಪ್ರಕರಣದ ಎಲ್ಲ ಸಂಗತಿಗಳನ್ನೂ ನೋಡಿದ ಮೇಲೆ. ಪಂಚಾಯಿತಿಗೆ ಈ ನಿರ್ಣಯದ ಅಧಿಕಾರವಿಲ್ಲ. ಸಂಗತಿಗಳನ್ನು ಬಲ್ಲವರು ಮಾತ್ರ ಪಂಚಾಯಿತಿಯವರೇ.

ಹೆಸರು ತೆಗೆಯಲು ಕೋರುವ ಅರ್ಜಿ ನಮೂನೆ 7. ಅದೇ ಕ್ಷೇತ್ರದ ಮತದಾರರು ಮಾತ್ರ ಅದನ್ನು ಸಲ್ಲಿಸಬಹುದು. ಸುಳ್ಳು ಘೋಷಣೆ ಮಾಡಿದವರಿಗೆ 31ನೇ ಪ್ರಕರಣದಡಿ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಆಗಬಹುದು. ಆಳಂದ ವಿಧಾನಸಭಾ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಇಂತಹ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದಿದ್ದವು. ಸ್ಥಳ ಪರಿಶೀಲನೆಯಲ್ಲಿ ಸರಿಯೆಂದು ಕಂಡುಬಂದವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು ಎಂದು ಚುನಾವಣಾ ಆಯೋಗ ತಿಳಿಸಿದೆ. ಪೊಲೀಸ್ ಪ್ರಕರಣವೂ ದಾಖಲಾಯಿತು. ಆ ಅರ್ಜಿಗಳ ಹಿಂದಿನ ಕೈ ಯಾವುದು ಎಂಬುದು ತನಿಖೆಗೆ ಸೇರಿದ ವಿಷಯ. ಪಂಚಾಯಿತಿ ಸದಸ್ಯರು ಗಮನಿಸಬೇಕಾದದ್ದು ಬೇರೆ: ಸಾವಿರಾರು ಹೆಸರುಗಳು ಉಳಿದದ್ದು ಮನೆಯ ಬಾಗಿಲಿಗೆ ಹೋಗಿ ವಿಚಾರಿಸಿದ್ದರಿಂದ.

ಬಾಗಿಲಿಗೆ ಹೋಗಿ ಕೇಳುವುದು ಅಧಿಕಾರಿಗಳ ಕೃಪೆಯಲ್ಲ, ಅವರ ಕರ್ತವ್ಯ. ನಿವಾಸಿಯಲ್ಲವೆಂಬ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕೆಂದು 22ನೇ ಪ್ರಕರಣವೇ ಹೇಳುತ್ತದೆ. ಒಮ್ಮೆ ಪಟ್ಟಿ ಸೇರಿದ ಹೆಸರನ್ನು ಕ್ರಮಬದ್ಧವಾಗಿಯೇ ಸೇರಿದ್ದೆಂದು ಭಾವಿಸಬೇಕು, ನೋಟಿಸು ಹಾಗೂ ವಿಚಾರಣೆ ಇಲ್ಲದೆ ಅದನ್ನು ತೆಗೆಯಲಾಗದು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ನೋಟಿಸನ್ನು ಓದುವವರು ಯಾರು? ಗುಳೆ ಹೋದವರ ದೂರವಾಣಿ ಸಂಖ್ಯೆ ಗ್ರಾಮದಲ್ಲಿ ಒಬ್ಬಿಬ್ಬರಿಗಾದರೂ ಗೊತ್ತಿರುತ್ತದೆ. ವಾರ್ಡಿನ ಸದಸ್ಯರಿಗೆ ಗೊತ್ತಿರುವ ಸಂಭವ ಹೆಚ್ಚು. ಆ ಸಂಖ್ಯೆ ಮತಗಟ್ಟೆ ಮಟ್ಟದ ಅಧಿಕಾರಿಗೆ ತಲುಪಿದರೆ, ಉದ್ಯೋಗ ಖಾತರಿಯ ಕೂಲಿ ದಾಖಲೆ, ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲೆ ಇವುಗಳ ಮಾಹಿತಿ ಸಕಾಲದಲ್ಲಿ ದೊರೆತರೆ, ಅರ್ಧ ವಿವಾದ ಅಲ್ಲಿಯೇ ಮುಗಿಯುತ್ತದೆ.

ಇಲ್ಲಿ ಒಂದು ಇಕ್ಕಟ್ಟೂ ಇದೆ. ಸದಸ್ಯರಲ್ಲಿ ಅನೇಕರು ಮುಂದೆಯೂ ಅಭ್ಯರ್ಥಿಗಳಾಗುವವರು. ಒಂದು ಪಂಚಾಯಿತಿ ಕ್ಷೇತ್ರದಲ್ಲಿ ಗೆಲುವು ಸೋಲು ಹತ್ತಿಪ್ಪತ್ತು ಮತಗಳಲ್ಲಿ ತೀರ್ಮಾನವಾಗುವುದುಂಟು. ತಮಗೆ ಮತ ಹಾಕದ ಓಣಿಯ ಬೀಗ ಹಾಕಿದ ಮನೆಗಳನ್ನು ಎಣಿಸುವ ಆಸೆ ಅಸ್ವಾಭಾವಿಕವೇನಲ್ಲ. ಆದರೆ ಅಭ್ಯರ್ಥಿಯಾಗುವವರೇ ಅರ್ಜಿಗಳ ಕಟ್ಟು ಹಿಡಿದು ತಹಶೀಲ್ದಾರರ ಕಚೇರಿಗೆ ಹೋಗುವುದು ಯಾವ ರೀತಿಯಿಂದಲೂ ಶೋಭಿಸದು. ಒಂದು ಕುಟುಂಬದವರ ಅರ್ಜಿಗಳ ಹೊರತು ವ್ಯಕ್ತಿಗಳು ಒಟ್ಟಾಗಿ ತರುವ ಅರ್ಜಿಗಳನ್ನು ಸ್ವೀಕರಿಸಬಾರದೆಂಬ ಸೂಚನೆಯೂ ಇದೆ.

ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ತವರಿನ ಪಟ್ಟಿಯಲ್ಲಿ ಹೆಸರಿದ್ದವರು ಹೊಸ ಮತದಾರರಿಗಿರುವ ನಮೂನೆ 6 ಅನ್ನು ತುಂಬಬಾರದು. ವಾಸಸ್ಥಳ ಬದಲಾವಣೆಗೆ ನಮೂನೆ 8 ಇದೆ. ಮಹಿಳೆಯರಿಗೆ ಅರ್ಧದಷ್ಟು ಸ್ಥಾನಗಳು ಮೀಸಲಾಗಿರುವ ಸಂಸ್ಥೆಯಲ್ಲಿ, ಗಂಡನ ಊರಿನ ಪಟ್ಟಿಗೆ ಹೆಸರು ಬಾರದ ಕಾರಣಕ್ಕೆ ಸಮರ್ಥ ಮಹಿಳೆಯೊಬ್ಬರು ಅಲ್ಲಿ ಸ್ಪರ್ಧಿಸಲಾಗದೆ ಹೋಗುವುದು ನಷ್ಟವೇ ಸರಿ.

ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸುವ ಪದ್ಧತಿ ಇದೆ. ಅದನ್ನು ಕಾರ್ಯಸೂಚಿಯ ಕೊನೆಗೆ ತಳ್ಳಿ, ಜನ ಎದ್ದು ಹೋಗುವ ಹೊತ್ತಿಗೆ ಓದಿದರೆ ಫಲವಿಲ್ಲ. ಪಟ್ಟಿಯಲ್ಲಿರುವುದು ದಾಖಲೆಯ ಹೆಸರು, ಊರಿನಲ್ಲಿ ಕರೆಯುವುದು ಬೇರೆಯೇ ಹೆಸರು. ತಂದೆಯ ಅಥವಾ ಗಂಡನ ಹೆಸರು ಮತ್ತು ಮನೆಯ ಗುರುತನ್ನು ಜೊತೆಗೆ ಹೇಳದಿದ್ದರೆ ಕೇಳಿದವರಿಗೂ ತಿಳಿಯದು. ವಾರ್ಡ್ ಸಭೆಯಲ್ಲಿ ಓಣಿವಾರು ಓದುವುದು ಇದಕ್ಕಿಂತ ಸುಲಭ. ತೀರಿಕೊಂಡವರ ಹೆಸರು ಬಂದಾಗ ಮನೆಯವರು ಮೌನವಾಗಿರುವುದುಂಟು. ಮರಣ ಪ್ರಮಾಣಪತ್ರದ ಪ್ರತಿಯೊಡನೆ ಅವರಿಂದಲೇ ಅರ್ಜಿ ಕೊಡಿಸುವುದು ಸೌಜನ್ಯದ ದಾರಿ.

ಹೆಸರು ವಿಧಾನಸಭೆಯ ಪಟ್ಟಿಯಲ್ಲಿದ್ದರೂ ಪಂಚಾಯಿತಿಯ ಬೇರೊಂದು ಕ್ಷೇತ್ರಕ್ಕೆ ಸೇರಿಹೋಗುವ ದೋಷ ಪ್ರತ್ಯೇಕವಾದದ್ದು. ವಿಧಾನಸಭೆಯ ಪಟ್ಟಿಯ ಭಾಗಗಳಿಗೂ ಪಂಚಾಯಿತಿ ಕ್ಷೇತ್ರಗಳ ಗಡಿಗಳಿಗೂ ತಾಳೆ ಇರುವುದಿಲ್ಲವಾದ್ದರಿಂದ ವಿಂಗಡಿಸುವಾಗ ಒಂದಿಡೀ ಓಣಿ ಪಕ್ಕಕ್ಕೆ ಸರಿಯಬಹುದು. ಇದಕ್ಕೆ ನಮೂನೆ 6 ಆಗಲಿ 8 ಆಗಲಿ ಪರಿಹಾರವಲ್ಲ. ಪಂಚಾಯಿತಿಯ ಕರಡು ಪಟ್ಟಿ ಪ್ರಕಟವಾದಾಗ, ಪ್ರಕಟಣೆಯಲ್ಲಿ ತಿಳಿಸಿದ ಅವಧಿಯೊಳಗೆ ತಹಶೀಲ್ದಾರರಿಗೆ ಆಕ್ಷೇಪಣೆ ಸಲ್ಲಿಸಬೇಕು.

ವಿಧಾನಸಭೆಯ ಪಟ್ಟಿಗೆ ಹೆಸರು ಸೇರಿಸಲು ನಿರಾಕರಿಸಿದ ಅಥವಾ ಇದ್ದ ಹೆಸರನ್ನು ತೆಗೆದುಹಾಕಿದ ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ, ಅಲ್ಲಿಯ ಆದೇಶದ ವಿರುದ್ಧ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಹಬ್ಬಕ್ಕೆ ಊರಿಗೆ ಬಂದಾಗ ತನ್ನ ಹೆಸರು ಹೋಗಿದೆಯೆಂದು ತಿಳಿಯುವ ಕೂಲಿಕಾರನಿಗೆ ಆ ವೇಳೆಗೆ 15 ದಿನಗಳು ಎಂದೋ ಕಳೆದಿರುತ್ತವೆ. ಅಂತಹವರಿಂದ ತಡಮಾಡದೆ ನಮೂನೆ 6ರಲ್ಲಿ ಹೊಸದಾಗಿ ಅರ್ಜಿ ಕೊಡಿಸಿ, ಸ್ವೀಕೃತಿ ಸಂಖ್ಯೆಯನ್ನು ಅವರ ಕೈಯಲ್ಲಿಯೇ ಇರಿಸುವುದು ಉಳಿದಿರುವ ಮಾರ್ಗ. ಅರ್ಜಿಯ ಸ್ಥಿತಿಯನ್ನು ಅವರು ಕೆಲಸದ ಊರಿನಿಂದಲೇ 1950 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು.